ಸೆವ್ಮೆಕ್ ಜಮಾನಿ (ಚಲನಚಿತ್ರ)

ಸೆವ್ಮೆಕ್ ಜಮಾನಿ 1965ರಲ್ಲಿ ತಯಾರಾದ ಟರ್ಕಿ ಭಾಷೆಯ ಕಪ್ಪು-ಬಿಳುಪು ಚಲನಚಿತ್ರ. ಶೀರ್ಷಿಕೆಯ ಅರ್ಥ 'ಪ್ರೀತಿಸುವ ಕಾಲ'. ಇದರಲ್ಲಿನ 'ಜಮಾನ್' ಪದವು ಕನ್ನಡದಲ್ಲಿ ಬಳಕೆಯಲ್ಲಿರುವ 'ಜಮಾನ' ಪದದ ಮೂಲದ್ದೇ ಆಗಿದೆ. ಚಿತ್ರಕಥೆ ಮತ್ತು ನಿರ್ದೇಶನ ಮೆತಿನ್ ಎರ್ಕ್ಸಾನ್ (1929–2012) ಅವರದು. ಬಿಡುಗಡೆಯ ಭಾಗ್ಯವಿಲ್ಲದೆ ಮರೆಗೆ ಸರಿದಿದ್ದ ಈ ವಿಷಾದಮಯ ಪ್ರೇಮಕಥೆಯು ಇಂದು ಟರ್ಕಿಯ ಶ್ರೇಷ್ಠ ಚಿತ್ರಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಕಥಾವಸ್ತು

ಮನೆಗಳಿಗೆ ಬಣ್ಣ ಬಳಿಯುವ ಹಲೀಲ್ (ಮುಷ್ಫಿಕ್ ಕೆಂತೆರ್), ಇಸ್ತಾಂಬುಲ್ ಸಮೀಪದ ದ್ವೀಪವೊಂದರ ಬಂಗಲೆಯ ಗೋಡೆಯ ಮೇಲಿದ್ದ ಯುವತಿಯ ಭಾವಚಿತ್ರಕ್ಕೆ ಮನಸೋಲುತ್ತಾನೆ. ಮನೆಯಲ್ಲಿ ಯಾರೂ ಇಲ್ಲದಾಗ ಬಂದು ಅದರೆದುರು ಮೌನವಾಗಿ ಕುಳಿತಿರುವುದು ಅವನ ರೂಢಿಯಾಗುತ್ತದೆ. ಒಂದು ದಿನ ಚಿತ್ರದಲ್ಲಿರುವ ಮೆರಾಲ್ (ಸೆಮಾ ಓಜ್‌ಜಾನ್) ತಾನೇ ಎದುರಾಗುತ್ತಾಳೆ. ಅವನ ನಿಷ್ಠೆಗೆ ಮಾರುಹೋಗಿ ಅವನನ್ನು ಪ್ರೀತಿಸತೊಡಗುತ್ತಾಳೆ. ಹಲೀಲನಾದರೋ ಹಿಂಜರಿಯುತ್ತಾನೆ. ತಾನು ಪ್ರೀತಿಸುವುದು ಅವಳನ್ನಲ್ಲ, ಅವಳ ಚಿತ್ರವನ್ನು. ಚಿತ್ರವು ಎಂದಿಗೂ ಬದಲಾಗದು ಎಂಬುದು ಅವನ ನಿಲುವು. ಇಬ್ಬರ ನಡುವಿನ ವರ್ಗಭೇದವೂ ಮೆರಾಲಳ ವಿವಾಹಾಕಾಂಕ್ಷಿಯಾದ ಬಷಾರನ ಅಸೂಯೆಯೂ ಕಥೆಯನ್ನು ದುರಂತದತ್ತ ಒಯ್ಯುತ್ತವೆ.

ಶೈಲಿ

ಎಡೆಬಿಡದ ಮಳೆ, ನಿರ್ಜನ ತೀರ, ನೀರಿನ ಮೇಲಿನ ದೋಣಿ ಮತ್ತು ದೀರ್ಘ ಮೌನಗಳು ಚಿತ್ರದ ಭಾವವನ್ನು ರೂಪಿಸುತ್ತವೆ. ಪ್ರಿಯತಮೆಗಿಂತ ಆಕೆಯ ರೂಪಧ್ಯಾನವೇ ಹಿರಿದೆನಿಸುವ ಈ ವಸ್ತುವನ್ನು ವಿಮರ್ಶಕರು ಸೂಫಿ ಚಿಂತನೆಯೊಂದಿಗೂ ಲೈಲಾ-ಮಜ್ನೂ ಕಥಾಪರಂಪರೆಯೊಂದಿಗೂ ಹೋಲಿಸಿದ್ದಾರೆ.

ಮರೆವು ಮತ್ತು ಮರುಶೋಧ

ಎರ್ಕ್ಸಾನ್ ಅವರ ಹಿಂದಿನ ಕೃತಿ 'ಸುಸುಜ್ ಯಾಜ್' 1964ರ ಬರ್ಲಿನ್ ಚಿತ್ರೋತ್ಸವದಲ್ಲಿ ಸ್ವರ್ಣ ಕರಡಿ ಪ್ರಶಸ್ತಿ ಗಳಿಸಿತ್ತು. ಆದರೂ ಸೆವ್ಮೆಕ್ ಜಮಾನಿಗೆ ಹಂಚಿಕೆದಾರರು ದೊರೆಯಲಿಲ್ಲ. 'ಯೆಶಿಲ್ಚಾಮ್' ಎಂದು ಕರೆಯಲಾಗುತ್ತಿದ್ದ ಅಂದಿನ ಟರ್ಕಿ ಚಿತ್ರೋದ್ಯಮವು ಪ್ರಾದೇಶಿಕ ಹಂಚಿಕೆದಾರರು ನೀಡುವ ಮುಂಗಡ ಹಣವನ್ನು ಅವಲಂಬಿಸಿತ್ತು. ಅವರು ಬಯಸುತ್ತಿದ್ದುದು ಜನಪ್ರಿಯ ತಾರೆಯರನ್ನು ಮತ್ತು ಪರಿಚಿತ ಕಥೆಗಳನ್ನು. ಹೀಗಾಗಿ ಚಿತ್ರವು ತನ್ನ ಕಾಲದಲ್ಲಿ ಚಿತ್ರಮಂದಿರಗಳನ್ನು ತಲುಪಲಿಲ್ಲ. ಮುಂದೆ ವಿಶೇಷ ಪ್ರದರ್ಶನಗಳು ಮತ್ತು ದೂರದರ್ಶನ ಪ್ರಸಾರದ ಮೂಲಕ ಹೊಸ ತಲೆಮಾರಿನ ಪ್ರೇಕ್ಷಕರನ್ನು ಕಂಡುಕೊಂಡಿತು. ಮಾರುಕಟ್ಟೆಗೆ ಹೊಂದದೆಂದು ತಿರಸ್ಕೃತವಾಗಿದ್ದ ಅದರ ಮಂದಗತಿ ಮತ್ತು ಮೌನಗಳೇ ಅನಂತರದ ಪ್ರೇಕ್ಷಕರ ಮೆಚ್ಚುಗೆಗೆ ಮುಖ್ಯ ಕಾರಣಗಳಾದವು.