“ನೀ ಒಳಗ ಹೋಗ!” ಅಂದ ವೀರರು

“ನಿನಗೇನ ತಿಳೀತದ? ನೀ ಸುಮ್ಮ ಒಳಗ ಹೋಗ!”

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಈ ಮಾತು ಕೇಳದ ಹೆಂಗಸು ಅಪರೂಪ. ಹೊಲ ಮಾರುವ ವಿಷಯವಿರಲಿ, ಮಗಳ ಲಗ್ನದ ವಿಷಯವಿರಲಿ, ಕಟ್ಟೆಯ ಮೇಲೆ ಗಂಡಸರು ಮಾತಿಗೆ ಕೂತಾಗ ಬಾಗಿಲ ಮರೆಯಿಂದ ಅವ್ವ ಒಂದು ಮಾತು ಅಂದಳೋ, ಈ ಉತ್ತರ ಸಿದ್ಧ! ಇದು ನಮ್ಮ ಕಡೆಯ ಗಂಡಸರದೇ ಗುಣ ಎಂದು ನೀವು ತಿಳಿದಿದ್ದರೆ, ಸೋದರಿಯರೇ, ಅದು ತಪ್ಪು. ಸುಮಾರು 2,700 ವರ್ಷಗಳಷ್ಟು ಹಳೆಯ ಗ್ರೀಕ್ ಮಹಾಕಾವ್ಯದಲ್ಲಿ ಒಬ್ಬ ಮಹಾವೀರ ತನ್ನ ಹೆಂಡತಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾನೆ.

ಕೋಟೆಯ ಬಾಗಿಲಲ್ಲಿ

ಆ ಕಾವ್ಯ ಹೋಮರನ ‘ಇಲಿಯಡ್’. ಟ್ರಾಯ್ ಪಟ್ಟಣಕ್ಕೆ ಗ್ರೀಕರ ಸೈನ್ಯ ಮುತ್ತಿಗೆ ಹಾಕಿದೆ. ಪಟ್ಟಣವನ್ನು ಕಾಯುವ ನಾಯಕ ರಾಜಕುಮಾರ ಹೆಕ್ಟರ್. ಯುದ್ಧಕ್ಕೆ ಹೊರಟವನನ್ನು ಹೆಂಡತಿ ಆಂಡ್ರೊಮಕಿ ಕೋಟೆಯ ಬಾಗಿಲಲ್ಲಿ ತಡೆಯುತ್ತಾಳೆ. ಹಿಂದೆ ದಾದಿ, ದಾದಿಯ ಕೈಯಲ್ಲಿ ಕೂಸು. ಆಂಡ್ರೊಮಕಿಯ ತಂದೆಯನ್ನೂ ಏಳು ಜನ ಅಣ್ಣತಮ್ಮಂದಿರನ್ನೂ ಅಕಿಲೀಸ್ ಎಂಬ ಗ್ರೀಕ್ ವೀರ ಕೊಂದಿದ್ದಾನೆ. ತಾಯಿಯೂ ಇಲ್ಲ. ತವರಿನ ದಾರಿಯೇ ಮುಚ್ಚಿದ ಹೆಣ್ಣು ಅವಳು. ನನಗೆ ತಂದೆ, ತಾಯಿ, ಅಣ್ಣ, ಗಂಡ ಎಲ್ಲ ನೀನೇ ಎಂದು ಅತ್ತುಬಿಡುತ್ತಾಳೆ.

ಆದರೆ ಅವಳು ಬರೀ ಅಳುವುದಿಲ್ಲ, ನೋಡಿ. ಸೈನ್ಯವನ್ನು ಅತ್ತಿಮರದ ಹತ್ತಿರ ನಿಲ್ಲಿಸು, ಅಲ್ಲಿ ಗೋಡೆ ಹತ್ತುವುದು ಸುಲಭ, ಶತ್ರುಗಳು ಆಗಲೇ ಮೂರು ಸಲ ಅಲ್ಲಿ ಪ್ರಯತ್ನಿಸಿದ್ದಾರೆ ಎಂದು ಹೇಳುತ್ತಾಳೆ. ಇದು ಹೆದರಿದ ಹೆಂಗಸಿನ ಗೋಳಲ್ಲ. ಲೆಕ್ಕವಿಟ್ಟು ನೋಡಿದವಳ ಸಲಹೆ!

ಹೆಕ್ಟರ್ ಕೆಟ್ಟವನಲ್ಲ. ಅವಳ ಮೇಲೆ ಅವನಿಗೆ ಪ್ರಾಣ. ಅವನ ಶಿರಸ್ತ್ರಾಣದ ತುರಾಯಿ ಕಂಡು ಕೂಸು ಹೆದರಿ ಕಿರುಚಿದಾಗ ನಕ್ಕು, ಅದನ್ನು ತೆಗೆದು ನೆಲದ ಮೇಲಿಟ್ಟು, ಮಗನನ್ನು ಎತ್ತಿ ಮುದ್ದಾಡುತ್ತಾನೆ. ಆದರೂ ಯುದ್ಧದ ಮಾತಿಗೆ ಬಂದಾಗ, ನೀನು ಮನೆಗೆ ಹೋಗಿ ಮಗ್ಗ, ಕದಿರು ನೋಡಿಕೋ, ಯುದ್ಧ ಗಂಡಸರ ಕೆಲಸ ಎಂದುಬಿಡುತ್ತಾನೆ. ಪ್ರೀತಿ ಇತ್ತು, ಕಿವಿ ಇರಲಿಲ್ಲ!

ಮುಂದೆ ಸೈನ್ಯವನ್ನು ಕೋಟೆಯೊಳಗೆ ಕರೆದುಕೋ ಎಂದು ಸಂಗಡಿಗನೊಬ್ಬ ಹೇಳಿದಾಗಲೂ ಹೆಕ್ಟರ್ ಕೇಳಲಿಲ್ಲ. ಕೊನೆಗೆ ಅಕಿಲೀಸನ ಎದುರು ಒಂಟಿಯಾಗಿ ನಿಂತಾಗ ತಾಯಿ ಹೆಕ್ಯುಬಾ ಗೋಡೆಯ ಮೇಲಿನಿಂದ ಒಳಗೆ ಬಾ ಎಂದು ಅಂಗಲಾಚಿದಳು. ತನ್ನ ಹಟದಿಂದ ಜನ ಹಾಳಾದರು ಎಂಬುದು ಅವನಿಗೂ ಹೊಳೆದಿತ್ತು. ಆದರೆ ಈಗ ಒಳಗೆ ಹೋದರೆ ಜನ ಏನಂದಾರು ಎಂಬ ನಾಚಿಕೆ! ಆ ನಾಚಿಕೆಯೇ ಅವನನ್ನು ಕೊಂದಿತು. ಆ ಹೊತ್ತಿಗೆ ಆಂಡ್ರೊಮಕಿ ಗಂಡ ಹೇಳಿದಂತೆ ಮಗ್ಗದ ಮುಂದೆ ಕೂತು, ಅವನ ಸ್ನಾನಕ್ಕೆ ನೀರು ಕಾಯಿಸಲು ದಾಸಿಯರಿಗೆ ಹೇಳಿದ್ದಳು.

ಅದೇ ಮಗ್ಗ, ಬೇರೆ ಕತೆ

ಹೋಮರನ ಇನ್ನೊಂದು ಕಾವ್ಯ ‘ಒಡಿಸ್ಸಿ’ಯಲ್ಲಿ ಮಗನೇ ತಾಯಿಗೆ ಹೀಗೆ ಹೇಳುತ್ತಾನೆ. ಯುದ್ಧಕ್ಕೆ ಹೋದ ಒಡಿಸ್ಯೂಸ್ ಇಪ್ಪತ್ತು ವರ್ಷ ಮನೆಗೆ ಬರಲಿಲ್ಲ. ಅವನ ಹೆಂಡತಿ ಪೆನಲೋಪಿಯನ್ನು ಮದುವೆಯಾಗಲು ನೂರೆಂಟು ಜನ ಮನೆಯಲ್ಲೇ ಬೀಡುಬಿಟ್ಟು ತಿಂದು ತೇಗುತ್ತಿದ್ದರು. ಅಷ್ಟು ಜನರ ನಡುವೆ ಆಕೆ ಬಾಯಿ ತೆರೆದರೆ ಮಗ ಟೆಲಿಮಾಕಸ್, ನಿನ್ನ ಮಗ್ಗಕ್ಕೆ ಹೋಗು, ಮಾತು ಗಂಡಸರದು ಎನ್ನುತ್ತಾನೆ. ಪಾಪ, ಅವನಿಗೇನು ಗೊತ್ತು! ಮನೆ ಉಳಿದದ್ದೇ ಆ ಮಗ್ಗದಿಂದ. ಮಾವನ ಶವಕ್ಕೆ ಹೊದಿಸುವ ವಸ್ತ್ರ ನೇಯ್ದು ಮುಗಿಸಿ ಮದುವೆಯಾಗುತ್ತೇನೆ ಎಂದು ಹೇಳಿ, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತ ಆಕೆ ಮೂರು ವರ್ಷ ಅವರನ್ನು ತಡೆದಿದ್ದಳು.

ನಮ್ಮ ಬಳೆಗಾರರ ಮನೆಯ ಕವಿ

ಗ್ರೀಕರ ಮಾತು ಸಾಕು, ನಮ್ಮ ಹತ್ತಿರದ ಮುಧೋಳಕ್ಕೆ ಬರೋಣ. ಹತ್ತನೆಯ ಶತಮಾನದಲ್ಲಿ ಅಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ ಬರೆದ. ಅಲ್ಲಿ ದುರ್ಯೋಧನನಿಗೂ ತಾಯಿ ಗಾಂಧಾರಿ, ತಂದೆ ಧೃತರಾಷ್ಟ್ರ ಇಬ್ಬರೂ ಸಂಧಿ ಮಾಡಿಕೋ ಎಂದು ಬೇಡುತ್ತಾರೆ. ನೂರು ಮಕ್ಕಳಲ್ಲಿ ಉಳಿದವನು ಅವನೊಬ್ಬ. ಅವನೂ ಕೇಳಲಿಲ್ಲ. ಛಲ ಗೆದ್ದಿತು, ಮನೆ ಬರಿದಾಯಿತು. ಟ್ರಾಯ್ ಗೋಡೆಯ ಮೇಲಿನ ಹೆಕ್ಯುಬಾಳೂ ಕುರುಕ್ಷೇತ್ರದ ಗಾಂಧಾರಿಯೂ ಒಂದೇ ಸಂಕಟದ ತಾಯಂದಿರಲ್ಲವೇ?

ಆದರೆ ರನ್ನನಿಗೆ ಆಸರೆ ಕೊಟ್ಟವಳು ಒಬ್ಬ ಹೆಣ್ಣುಮಗಳು ಎಂಬುದನ್ನು ಮರೆಯಬಾರದು. ಅವಳೇ ಅತ್ತಿಮಬ್ಬೆ. ಯುದ್ಧದಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ಮೂಲೆಗೆ ಸರಿಯಲಿಲ್ಲ. ಮಗನನ್ನು ಬೆಳೆಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನನ ‘ಶಾಂತಿಪುರಾಣ’ಕ್ಕೆ 1,000 ಪ್ರತಿ ಬರೆಯಿಸಿ ಹಂಚಿದಳು. 993ರಲ್ಲಿ ರನ್ನ ‘ಅಜಿತಪುರಾಣ’ ಬರೆದದ್ದು ಅವಳ ಆಶ್ರಯದಲ್ಲಿ. ಕವಿ ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟ!

ನಾಯಕಿಯರು ನಮ್ಮಲ್ಲೇ

ಅತ್ತಿಮಬ್ಬೆ ಸಿರಿವಂತರ ಮನೆಯವಳು, ನಮ್ಮಂಥವರ ಕೈಲಿ ಏನಾದೀತು ಎನ್ನುವಿರಾ? ನಿಪ್ಪಾಣಿಯನ್ನು ನೋಡಿ. 1980ರ ಸುಮಾರಿಗೆ ಅಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ಧೂಳು, ಘಾಟು ಕುಡಿಯುತ್ತ ದುಡಿಯುತ್ತಿದ್ದ ಬಡ ಹೆಣ್ಣುಮಕ್ಕಳು ಒಟ್ಟಾಗಿ ಸಂಘ ಕಟ್ಟಿದರು, ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಅವರ ಹೋರಾಟದ ಮೇಲೆ ದೀಪಾ ಧನರಾಜ್ ಅವರ ‘ಯುಗಾಂತರ’ ತಂಡ 1982ರಲ್ಲಿ ಸಾಕ್ಷ್ಯಚಿತ್ರ ತೆಗೆಯಿತು. ಅವರ ಕೈಯಲ್ಲಿ ಗದೆ ಇರಲಿಲ್ಲ, ಈಟಿ ಇರಲಿಲ್ಲ!

1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಈಗ ಗ್ರಾಮ ಪಂಚಾಯಿತಿಯಲ್ಲಿ ಅರ್ಧದಷ್ಟು ಇದೆ. ಆದರೂ ಕೆಲವು ಕಡೆ ಹೆಂಡತಿ ಆರಿಸಿ ಬಂದರೆ ಗಂಡ ಕುರ್ಚಿಯಲ್ಲಿ ಕೂರುತ್ತಾನೆ. “ನೀ ಸಹಿ ಮಾಡು, ಸಾಕು. ಮಾತ ನಾ ಆಡ್ತೇನಿ” ಅನ್ನುತ್ತಾನೆ. ಇದೂ ಹೆಕ್ಟರನ ಮಾತೇ, ಧಾಟಿ ಮಾತ್ರ ಬೇರೆ.

ಹಾಗೆಂದು ಮನೆಯಲ್ಲಿ ಜಗಳಕ್ಕೆ ನಿಲ್ಲಬೇಕಿಲ್ಲ. ಮುಂದಿನ ಸಲ “ಒಳಗ ಹೋಗ” ಎಂಬ ಮಾತು ಬಂದಾಗ ಅತ್ತಿಮರದ ಕತೆ ಹೇಳಿ. ಗೋಡೆ ಎಲ್ಲಿ ತಗ್ಗಿದೆ ಎಂಬುದು ಒಳಗಿದ್ದವಳ ಕಣ್ಣಿಗೇ ಮೊದಲು ಬಿದ್ದೀತು. ಮಗಳಿಗಂತೂ ಹೇಳಿ, ಮಗನಿಗೆ ತಪ್ಪದೆ ಹೇಳಿ.