ಶಿಫಾರಸಿನ ಬಾಗಿಲು

2023ರ ಡಿಸೆಂಬರ್ 13ರ ಮಧ್ಯಾಹ್ನ ಲೋಕಸಭೆಯಲ್ಲಿ ಶೂನ್ಯವೇಳೆ ನಡೆದಿತ್ತು. ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಯುವಕರು ಸದನದೊಳಕ್ಕೆ ಧುಮುಕಿ, ಬೂಟಿನಲ್ಲಿ ಅಡಗಿಸಿ ತಂದಿದ್ದ ಡಬ್ಬಿಗಳಿಂದ ಹಳದಿ ಹೊಗೆ ಎಬ್ಬಿಸಿದರು. ಹೊಸ ಸಂಸತ್ ಭವನ ಉದ್ಘಾಟನೆಯಾಗಿ ಆಗಿನ್ನೂ ಏಳು ತಿಂಗಳು ತುಂಬಿರಲಿಲ್ಲ. ಇಷ್ಟೆಲ್ಲ ಯಂತ್ರಗಳಿದ್ದೂ ಡಬ್ಬಿ ಒಳಗೆ ಹೋದದ್ದು ಹೇಗೆ ಎಂದು ದೇಶ ಕೇಳಿತು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಇಬ್ಬರ ಕೈಗೆ ಪಾಸ್ ಬಂದದ್ದು ಯಾರ ಮಾತಿನ ಮೇಲೆ? ಸರ್ಕಾರಿ ಕಟ್ಟಡಗಳಲ್ಲಿ ತಪಾಸಣೆ ಎಡವಿದ ದೊಡ್ಡ ಪ್ರಕರಣಗಳನ್ನು ನೋಡುತ್ತ ಹೋದರೆ, ‘ಇವರು ನಮ್ಮವರು, ಬಿಡಿ’ ಎಂಬ ಮಾತು ಎಲ್ಲೋ ಒಂದು ಕಡೆ ನಡೆದಿರುವುದು ಕಾಣುತ್ತದೆ.

ಯಂತ್ರಗಳಿಗೆ ಮಿತಿ ಇರುವುದು ನಿಜ. ಬಾಗಿಲ ಚೌಕಟ್ಟಿನಂತೆ ನಿಂತಿರುವ ಮೆಟಲ್ ಡಿಟೆಕ್ಟರ್ ತನ್ನ ಸುತ್ತ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಲೋಹದ ವಸ್ತು ಅದರೊಳಗೆ ಹಾದರೆ ಆ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ, ಯಂತ್ರ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಪ್ಲಾಸ್ಟಿಕ್ಕಾಗಲಿ ಪುಡಿಯಾಗಲಿ ಅದಕ್ಕೆ ತಿಳಿಯದು. ಚೀಲಗಳನ್ನು ನೋಡುವ ಎಕ್ಸ್‌ರೇ ಯಂತ್ರ ಎರಡು ಬಗೆಯ ಶಕ್ತಿಯ ಕಿರಣಗಳನ್ನು ಹಾಯಿಸಿ, ಆಹಾರ, ಬಟ್ಟೆ, ಸ್ಫೋಟಕದಂಥ ಸಾವಯವ ಪದಾರ್ಥಗಳನ್ನು ಕಿತ್ತಳೆ ಬಣ್ಣದಲ್ಲಿ, ಲೋಹವನ್ನು ನೀಲಿಯಲ್ಲಿ ತೋರಿಸುತ್ತದೆ. ಕಾಲಲ್ಲೇ ಉಳಿದ ಬೂಟು ಚೀಲಗಳು ಸಾಗುವ ಆ ಯಂತ್ರದ ಪಟ್ಟಿಯ ಮೇಲೆ ಬರುವುದೇ ಇಲ್ಲ. ಪರದೆಯ ಮುಂದೆ ಕೂತವರ ಕಣ್ಣಿಗೂ ಒಂದು ದೌರ್ಬಲ್ಯವಿದೆ. ಹುಡುಕುವ ವಸ್ತು ಅಪರೂಪವಾದಷ್ಟೂ, ಅದು ಎದುರಿಗೆ ಬಂದಾಗ ಕಣ್ತಪ್ಪುವ ಸಂಭವ ಹೆಚ್ಚುತ್ತದೆ ಎಂದು ಜೆರೆಮಿ ವೋಲ್ಫ್ ಮತ್ತು ಸಂಗಡಿಗರು 2005ರಲ್ಲಿ ಪ್ರಯೋಗದಿಂದ ತೋರಿಸಿದರು. ಸಾವಿರಾರು ಊಟದ ಡಬ್ಬಿ, ಛತ್ರಿ, ಚಾರ್ಜರ್‌ಗಳ ನಡುವೆ ಕಣ್ಣು ‘ಏನೂ ಇಲ್ಲ’ ಎನ್ನುವುದಕ್ಕೆ ಒಗ್ಗಿಹೋಗಿರುತ್ತದೆ. ವಿಮಾನ ನಿಲ್ದಾಣಗಳಲ್ಲಿ ನಿಜವಾದ ಚೀಲದ ಚಿತ್ರದೊಳಗೆ ಆಗಾಗ ನಕಲಿ ಬಂದೂಕಿನ ಚಿತ್ರವನ್ನು ಯಂತ್ರವೇ ಸೇರಿಸಿ ಸಿಬ್ಬಂದಿಯನ್ನು ಎಚ್ಚರದಲ್ಲಿಡುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಈ ಕೊರತೆಗಳಿಗೆಲ್ಲ ಪರಿಹಾರ ಇದೆ. ಬೂಟು ಬಿಚ್ಚಿಸಬಹುದು, ದೇಹವನ್ನೇ ಸ್ಕ್ಯಾನ್ ಮಾಡಬಹುದು, ಪಾಳಿಯನ್ನು ಚಿಕ್ಕದು ಮಾಡಬಹುದು.

ಶಿಫಾರಸಿಗೆ ಅಂಥ ಸುಲಭ ಪರಿಹಾರವಿಲ್ಲ. ಲೋಕಸಭೆಯ ಗ್ಯಾಲರಿ ಪಾಸಿನ ಅರ್ಜಿಯಲ್ಲಿ, ಈ ವ್ಯಕ್ತಿ ತನಗೆ ವೈಯಕ್ತಿಕವಾಗಿ ಗೊತ್ತು, ಇವರ ಹೊಣೆ ತನ್ನದು ಎಂಬರ್ಥದ ಮಾತಿಗೆ ಸಂಸದರು ಸಹಿ ಹಾಕಬೇಕಿತ್ತು. ಹೊಗೆ ಎಬ್ಬಿಸಿದ ಇಬ್ಬರೂ ಒಳಬಂದದ್ದು ಆಗಿನ ಮೈಸೂರು–ಕೊಡಗು ಸಂಸದರ ಕಡೆಯಿಂದ ಪಡೆದ ಪಾಸಿನ ಮೇಲೆ. ಅದಕ್ಕೆ 22 ವರ್ಷ ಮೊದಲು, 2001ರ ಅದೇ ಡಿಸೆಂಬರ್ 13ರಂದು, ಐವರು ಉಗ್ರರು ಸಂಸತ್ತಿನ ಆವರಣಕ್ಕೆ ನುಗ್ಗಿದ್ದು ಗೃಹ ಸಚಿವಾಲಯದ ಸ್ಟಿಕರ್ ಅಂಟಿಸಿದ ಬಿಳಿ ಅಂಬಾಸಿಡರ್ ಕಾರಿನಲ್ಲಿ. ಅಂದು ಒಂಬತ್ತು ಜನ ಪ್ರಾಣ ಕೊಟ್ಟರು, ಅವರಲ್ಲಿ ತೋಟದ ಕೆಲಸಗಾರರೂ ಒಬ್ಬರು. ನಮ್ಮ ವಿಧಾನಸೌಧದಲ್ಲಿ 2023ರ ಜುಲೈ 7ರಂದು, ಬಜೆಟ್ ಮಂಡನೆಯ ದಿನ, ಹೊರಗಿನ ವ್ಯಕ್ತಿಯೊಬ್ಬರು ಶಾಸಕರ ಆಸನದಲ್ಲೇ ಕೂತಿದ್ದರು. ತಾವು ಶಾಸಕರೆಂದು ಹೇಳಿಕೊಂಡದ್ದೇ ಸಾಕಾಗಿತ್ತು. ಚುನಾವಣೆ ಮುಗಿದು ಎರಡು ತಿಂಗಳಾಗಿರಲಿಲ್ಲ, ಹೊಸ ಮುಖಗಳು ಮಾರ್ಷಲ್‌ಗಳಿಗೆ ಪರಿಚಯವಾಗಿರಲಿಲ್ಲ. ಆ ವ್ಯಕ್ತಿಯ ಬಳಿ ಅಪಾಯದ ವಸ್ತುವೇನೂ ಇರಲಿಲ್ಲವಾದ್ದರಿಂದ ಎಂಥ ಯಂತ್ರವಿದ್ದರೂ ಸದ್ದು ಮಾಡುತ್ತಿರಲಿಲ್ಲ. ಬ್ರಿಟನ್ನಿನ ಅನುಭವ ಇನ್ನೂ ಸ್ಪಷ್ಟ. 2004ರಲ್ಲಿ ಹೌಸ್ ಆಫ್ ಕಾಮನ್ಸ್‌ನ ಸಾರ್ವಜನಿಕ ಗ್ಯಾಲರಿಗೆ ಗಾಜಿನ ಗೋಡೆ ಬಂತು. ಆ ವರ್ಷದ ಮೇ ತಿಂಗಳಲ್ಲೇ ಪ್ರಧಾನಿ ಟೋನಿ ಬ್ಲೇರ್ ಮೇಲೆ ನೇರಳೆ ಪುಡಿ ಬಿತ್ತು. ಎಸೆದವರು ಕೂತಿದ್ದದ್ದು ಗಾಜಿನ ಈಚೆ, ಅತಿಥಿಗಳಿಗೆ ಮೀಸಲಾದ ಸಾಲುಗಳಲ್ಲಿ. ಮೇಲ್ಮನೆಯ ಸದಸ್ಯೆಯೊಬ್ಬರು ದತ್ತಿ ಹರಾಜಿಗೆ ಕೊಟ್ಟಿದ್ದ ಟಿಕೆಟ್ ಅವರ ಕೈ ಸೇರಿತ್ತು. ಸಾಮಾನ್ಯ ಜನ ಗಾಜಿನ ಹಿಂದಿದ್ದರು, ನಂಬಿಕಸ್ತರೆಂದು ಬಗೆದವರು ಮುಂದಿದ್ದರು.

ಜನಪ್ರತಿನಿಧಿಯ ಮಾತಿಗೂ ಬೆಲೆಯಿಲ್ಲವೆ ಎಂದು ಕೇಳಬಹುದು. ಬೆಲೆ ಇರಲೇಬೇಕು, ಆದರೆ ಆ ಮಾತಿನ ಮೇಲೆ ಹೊರಲಾಗದ ಭಾರ ಹೇರಬಾರದು. ಒಂದು ಲೋಕಸಭಾ ಕ್ಷೇತ್ರದ ಮತದಾರರು ಹದಿನೈದು ಇಪ್ಪತ್ತು ಲಕ್ಷ. ದೆಹಲಿ ನೋಡಲು ಹೋದವರು ಸಂಸತ್ತನ್ನೂ ನೋಡಬೇಕೆಂದು ತಮ್ಮ ಸಂಸದರನ್ನು ಕೇಳುವುದು ನ್ಯಾಯವಾಗಿಯೇ ಇದೆ. ಅವರೆಲ್ಲ ತನಗೆ ವೈಯಕ್ತಿಕವಾಗಿ ಗೊತ್ತು ಎಂದು ಬರೆಸಿಕೊಳ್ಳುವ ನಿಯಮವೇ ಸಂಸದರಿಂದ ಸುಳ್ಳು ಹೇಳಿಸುತ್ತದೆ. ಈ ನಾಗರಿಕರು ಸದನ ನೋಡಬಯಸಿದ್ದಾರೆ ಎಂದಷ್ಟೇ ಸಂಸದರು ತಿಳಿಸಲಿ. ಗುರುತಿನ ಪರಿಶೀಲನೆಯನ್ನು ಅದನ್ನೇ ಕೆಲಸವಾಗಿ ಮಾಡುವವರು ಮೊದಲೇ ಮಾಡಲಿ. ಪಾಸ್ ಕೆಲವು ದಿನ ತಡವಾಗುತ್ತದೆ, ಆ ಅನನುಕೂಲವನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಗ್ಯಾಲರಿಯನ್ನೇ ಮುಚ್ಚಿ, ಟಿವಿಯಲ್ಲಿ ಕಲಾಪ ಕಾಣುತ್ತದಲ್ಲ ಎನ್ನುವವರೂ ಇದ್ದಾರೆ. ಕ್ಯಾಮೆರಾ ಮಾತಾಡುವವರನ್ನು ತೋರಿಸುತ್ತದೆ. ಖಾಲಿ ಬೆಂಚುಗಳನ್ನು, ಮಸೂದೆಯೊಂದು ಅಂಗೀಕಾರವಾಗುವ ಹೊತ್ತಿಗೆ ಎಷ್ಟು ಜನ ಕೂತಿದ್ದರೆಂಬುದನ್ನು ಗ್ಯಾಲರಿಯಲ್ಲಿ ಕೂತವರೇ ನೋಡಬೇಕು. ಆ ಹಕ್ಕನ್ನು ಇಬ್ಬರ ತಪ್ಪಿಗಾಗಿ ಬಿಟ್ಟುಕೊಡುವುದು ಸಲ್ಲದು.

ಹೆಚ್ಚು ಯೋಚಿಸಬೇಕಾದ ಆಕ್ಷೇಪವೆಂದರೆ ಸಾಲಿನದು. ಎಲ್ಲರನ್ನೂ ಒಂದೇ ರೀತಿ ತಪಾಸಿಸಿದರೆ ಮನವಿ ಹಿಡಿದು ದೂರದ ಊರಿನಿಂದ ಬಂದ ವಯಸ್ಸಾದವರು ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಸಾಲೇ ದಾಳಿಗೆ ಗುರಿಯಾಗಲೂಬಹುದು. 2016ರ ಮಾರ್ಚ್‌ನಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದ ಬಾಂಬುಗಳು ಸಿಡಿದದ್ದು ತಪಾಸಣೆಗಿಂತ ಮುಂಚಿನ ಹಜಾರದಲ್ಲಿ. ಇದಕ್ಕೆ ಉತ್ತರ ತಪಾಸಣೆಯ ಜಾಗವನ್ನು ಬೇರೆ ಮಾಡುವುದು, ನೆರಳು, ಕುರ್ಚಿ, ಹೆಚ್ಚು ಬಾಗಿಲು ಕೊಡುವುದು. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ಪ್ರವೇಶದ್ವಾರದಲ್ಲಿ 1998ರಲ್ಲಿ ಬಂದೂಕುಧಾರಿಯೊಬ್ಬ ನುಗ್ಗಿ, ಅವನ ಗುಂಡಿಗೆ ಇಬ್ಬರು ಪೊಲೀಸರು ಸತ್ತರು. ಸಂದರ್ಶಕರಿಗಾಗಿಯೇ ನೆಲದಡಿ ಕಟ್ಟಿದ ಪ್ರತ್ಯೇಕ ಕೇಂದ್ರ ಅಲ್ಲಿ 2008ರಲ್ಲಿ ತೆರೆಯಿತು. ಬಡವರಿಗೆ ಅವಮಾನವಾಗುವುದು ತಪಾಸಣೆಯಿಂದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬಿಳಿ ಬಟ್ಟೆಯವರು ಹಿಂಬಾಲಕರೊಂದಿಗೆ ನೇರ ಒಳಹೋಗುವಾಗ ತಮ್ಮನ್ನು ಮಾತ್ರ ತಡೆದು ನಿಲ್ಲಿಸಿದಾಗ ಅವರಿಗೆ ನೋವಾಗುತ್ತದೆ.

ಲೋಕಸಭೆಯ ಘಟನೆಯ ಮರುದಿನ ಸಚಿವಾಲಯದ ಎಂಟು ಭದ್ರತಾ ಸಿಬ್ಬಂದಿ ಅಮಾನತಾದರು. 2024ರ ಮೇ ತಿಂಗಳಲ್ಲಿ ಸಿಐಎಸ್‌ಎಫ್‌ನ 3,300ಕ್ಕೂ ಹೆಚ್ಚು ಸಿಬ್ಬಂದಿ ಸಂಸತ್ ಆವರಣದ ಕಾವಲು ವಹಿಸಿಕೊಂಡರು. ಸಮವಸ್ತ್ರ ಬದಲಾದ ಮಾತ್ರಕ್ಕೆ ಬಾಗಿಲಲ್ಲಿ ನಿಂತವರ ಕಷ್ಟ ಬದಲಾಗದು. ಜೊತೆಯಲ್ಲಿ ಬಂದವರನ್ನು ತಡೆದರೆ ಶಾಸಕರೋ ಸಂಸದರೋ ಸಿಟ್ಟಾಗುತ್ತಾರೆ, ತಡೆಯದೆ ಬಿಟ್ಟರೆ ಅಮಾನತಿನ ಭಯ. ವಿನಾಯಿತಿ ಯಾರಿಗೆ, ಎಲ್ಲಿಯವರೆಗೆ ಎಂಬುದನ್ನು ಸಭಾಧ್ಯಕ್ಷರೇ ಲಿಖಿತವಾಗಿ ಹೇಳಿ, ತಡೆದ ಸಿಬ್ಬಂದಿಯ ಬೆನ್ನಿಗೆ ನಿಂತರೆ, ದೊಡ್ಡವರ ಜೊತೆ ಬಂದವರನ್ನೂ ಆ ಕಾವಲುಗಾರ ‘ಬೂಟು ಬಿಚ್ಚಿ’ ಎಂದು ಕೇಳಬಲ್ಲ.