ಕಿವಿಗೆ ಎಣ್ಣೆ ಬಿಡುವ ಮುನ್ನ ಒಳಗೆ ನೋಡಿಸಿ

ತೋಟದ ಮನೆಯ ಕಾವಲು ನಾಯಿ ಎರಡು ದಿನದಿಂದ ಒಂದೇ ಸಮನೆ ತಲೆ ಕೊಡವುತ್ತಿದೆ. ಹಿಂಗಾಲಿನಿಂದ ಕಿವಿ ಕೆರೆದುಕೊಂಡು ಕುಂಯ್‌ಗುಡುತ್ತದೆ. ಹತ್ತಿರ ಹೋದರೆ ಹುಳಿತ ವಾಸನೆ. ಇಂಥ ಸಮಯದಲ್ಲಿ ನೀವು ಏನು ಮಾಡುತ್ತೀರಿ? ನಮ್ಮ ಬಹಳಷ್ಟು ಮನೆಗಳಲ್ಲಿ ನಡೆಯುವುದು ಒಂದೇ. ಒಗ್ಗರಣೆ ಸೌಟಿನಲ್ಲಿ ಎರಡು ಎಸಳು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಕಿವಿಗೆ ಬಿಡುವುದು. ಅದಕ್ಕೂ ಬಗ್ಗದಿದ್ದರೆ ಔಷಧಿ ಅಂಗಡಿಯಿಂದ ಒಂದು ಹನಿ ಔಷಧಿ. ಹುಳ ಬಿದ್ದಿದೆ ಎಂಬ ಸಂಶಯ ಬಂದರಂತೂ ಫಿನಾಯಿಲ್ ನೀರಿನವರೆಗೂ ಹೋಗುವವರಿದ್ದಾರೆ.

ಇದರಲ್ಲಿ ಯಾವುದನ್ನು ಮಾಡುವ ಮೊದಲೂ ಕಿವಿಯೊಳಗೆ ಒಮ್ಮೆ ನೋಡಬೇಕು ಎಂಬುದೇ ಈ ವಾರದ ವಿಷಯ. ನೋಡಲು ಈಗ ಒಳ್ಳೆಯ ಉಪಕರಣ ಬಂದಿದೆ. ತಂತಿ ಇಲ್ಲದ ಈ ಕಿವಿ ಕ್ಯಾಮೆರಾ ಕೆಲಸ ಮಾಡುವುದನ್ನು ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ ಅರ್ಧ ದಿನ ಕುಳಿತು ನೋಡಿ ಬಂದಿದ್ದೇನೆ.

ವಿಲ್ಸನ್ ಗಾರ್ಡನ್ ಲಾಲ್‌ಬಾಗಿಗೂ ಹೊಸೂರು ರಸ್ತೆಗೂ ನಡುವಣ ಹಳೆಯ ಬಡಾವಣೆ. ಹೈನುಗಾರಿಕೆ ಮಾಡುವವರಿಗೆ ಈ ದಿಕ್ಕು ಹೊಸದಲ್ಲ. ಸ್ವಲ್ಪ ದೂರದಲ್ಲೇ ಡೇರಿ ವೃತ್ತ, ಅಲ್ಲಿಯೇ ಹಾಲು ಮಹಾಮಂಡಳಿಯ ಕಚೇರಿ. ಪಕ್ಕದ ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಹಳೆಯ ಇಂಪೀರಿಯಲ್ ಡೇರಿ ಸಂಸ್ಥೆ. 1927ರಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದಾಗ ಇಲ್ಲಿಗೆ ಬಂದು ಗೋಪಾಲನೆಯ ವಿಷಯ ತಿಳಿದುಕೊಂಡಿದ್ದರು. ಮುಖ್ಯ ಸಂಸ್ಥೆ 1955ರಲ್ಲಿ ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿಯದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು. ಹಸುವಿನ ಹೆಸರಿನಲ್ಲಿ ಬೆಳೆದ ಈ ಸೀಮೆಯ ಚಿಕಿತ್ಸಾಲಯದಲ್ಲಿ ಈಗ ಬೆಂಚಿನ ತುಂಬ ಕುಳಿತಿರುವುದು ನಾಯಿ, ಬೆಕ್ಕುಗಳೇ. ಆದರೂ ಆನೇಕಲ್, ಚಂದಾಪುರದ ಕಡೆಯಿಂದ ಬರುವ ರೈತರೂ ಇದ್ದಾರೆ.

ಅಂಥವರೊಬ್ಬರು ಅಂದು ತಮ್ಮ ಕರಿಯ ನಾಯಿಯನ್ನು ಕರೆತಂದಿದ್ದರು. ಜೋಲು ಕಿವಿಯ ಲ್ಯಾಬ್ರಡಾರ್ ಮಿಶ್ರ ತಳಿ. ವಾರದಿಂದ ಎಣ್ಣೆ ಬಿಟ್ಟಿದ್ದಾರೆ, ಮೇಲೆ ಅಂಗಡಿಯ ಹನಿಯನ್ನೂ ಹಾಕಿದ್ದಾರೆ. ಈಗ ನಾಯಿ ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಡೆಯುತ್ತಿದೆ. ವೈದ್ಯರು ಅದಕ್ಕೆ ಮಂಪರಿನ ಸೂಜಿ ಕೊಟ್ಟು, ಕಿವಿಯನ್ನು ಬೆಚ್ಚನೆಯ ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ಟಾರ್ಚಿನಂಥ ಪುಟ್ಟ ಹಿಡಿಕೆಯೊಂದನ್ನು ಒಳಗಿಟ್ಟರು. ಗೋಡೆಗೆ ಒರಗಿಸಿಟ್ಟ ಟ್ಯಾಬ್ಲೆಟ್ಟಿನಲ್ಲಿ ಕೆಂಪು ಸುರಂಗದಂಥ ಚಿತ್ರ ಮೂಡಿತು.

“ಯಜಮಾನ್ರೇ, ಇಲ್ಲಿ ಬನ್ನಿ. ಕೊನೇಲಿ ಬೂದುಬಣ್ಣದ ಪೊರೆ ಕಾಣ್ತಲ್ಲ, ಅದೇ ತಮಟೆ. ಅದರ ಮಧ್ಯ ಕರೀ ಚುಕ್ಕೆ ಇದೆ ನೋಡಿ.”

“ಗುಗ್ಗೆ ಏನೋ ಸಾರ್?”

“ಗುಗ್ಗೆ ಅಲ್ಲ. ತೂತು. ನೀವು ಬಿಟ್ಟಿದ್ದೆಲ್ಲ ಅದರಿಂದ ಒಳಕ್ಕೆ ಇಳಿದಿದೆ.”

ಆ ಯಜಮಾನರು ಮತ್ತೆ ಮಾತಾಡಲಿಲ್ಲ. ಪರದೆಯನ್ನೇ ನೋಡುತ್ತ ನಿಂತರು. ‘ಕಿವಿ ಒಳಗೆ ಕೆಟ್ಟಿದೆ’ ಎಂದು ವೈದ್ಯರು ಬಾಯಲ್ಲಿ ಹೇಳಿದ್ದರೆ ಅವರು ತಲೆಯಾಡಿಸಿ, ಊರಿಗೆ ಹೋಗಿ ಮತ್ತೆ ಎಣ್ಣೆ ಕಾಯಿಸುತ್ತಿದ್ದರೋ ಏನೋ. ಕಣ್ಣಾರೆ ಕಂಡ ಮೇಲೆ ಅದು ಸಾಧ್ಯವಿಲ್ಲ. ನನ್ನ ಮಟ್ಟಿಗೆ ಈ ಉಪಕರಣದ ದೊಡ್ಡ ಉಪಯೋಗ ಇದೇ. ಹಳೆಯ ಕಿವಿದೀಪದಲ್ಲಿ ಕಾಣುತ್ತಿದ್ದುದು ವೈದ್ಯರ ಒಂದು ಕಣ್ಣಿಗೆ ಮಾತ್ರ.

ತಮಟೆ ತೂತಾಗಿದ್ದರೆ ಅಪಾಯವೇನು? ಕಿವಿಯ ನಾಳದ ಕೊನೆಯಲ್ಲಿ ಡೋಲಿನ ಚರ್ಮದಂತೆ ಬಿಗಿದ ತೆಳು ಪೊರೆಯೇ ತಮಟೆ. ಅದರಾಚೆ ಮೂರು ಪುಟ್ಟ ಮೂಳೆಗಳಿರುವ ನಡುಗಿವಿ, ಅದಕ್ಕೂ ಒಳಗೆ ಕೇಳುವ ಶಕ್ತಿಯನ್ನೂ ಮೈಯ ಸಮತೋಲವನ್ನೂ ಕಾಯುವ ಒಳಗಿವಿ. ಹೊರಗಿನ ನಾಳಕ್ಕೆ ಒಗ್ಗುವ ಔಷಧಿ ಒಳಗಿವಿಗೆ ಒಗ್ಗಬೇಕೆಂದಿಲ್ಲ. ಜೆಂಟಾಮೈಸಿನ್, ನಿಯೋಮೈಸಿನ್ ಸೇರಿದ ಹನಿಗಳು, ಗಾಯ ತೊಳೆಯುವ ಕ್ಲೋರ್‌ಹೆಕ್ಸಿಡಿನ್ ಮುಂತಾದವು ತೂತಿನ ಮೂಲಕ ಒಳಗಿವಿ ತಲುಪಿದರೆ ಕಿವುಡು ಬರಬಹುದು, ತಲೆ ವಾಲಬಹುದು, ಪ್ರಾಣಿ ಸುತ್ತು ತಿರುಗಿ ಬೀಳಬಹುದು. ಕೆಟ್ಟುದು ಸರಿಹೋಗುತ್ತದೆಂಬ ಭರವಸೆಯೂ ಇಲ್ಲ. ಫಿನಾಯಿಲಿನ ಮಾತನ್ನಂತೂ ಬಿಡಿ, ಅದು ಕಿವಿಯ ಚರ್ಮವನ್ನೇ ಸುಡುತ್ತದೆ.

ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ನಾನು ಹುಡುಗನಾಗಿದ್ದಾಗ ಕೊಟ್ಟಿಗೆಯ ಕಡಸೊಂದು ಕಿವಿ ಜೋಲಿಸಿ ನಿಂತಿತು. ಉಣ್ಣೆ ಹೊಕ್ಕಿರಬೇಕೆಂದು ಯಾರೋ ಹೇಳಿದ ಮಾತು ಕೇಳಿ ಹೊಗೆಸೊಪ್ಪಿನ ನೀರು ಹಿಂಡಿದೆವು. ನಾಲ್ಕನೆಯ ದಿನ ಅದು ಮೇವು ಬಿಟ್ಟಿತು. ವಾರದೊಳಗೆ ನೆಟ್ಟಗೆ ನಿಲ್ಲಲಾರದೆ ಗೋಡೆಗೆ ಒರಗಿತು, ಉಳಿಯಲಿಲ್ಲ. ಉಣ್ಣೆ ಇತ್ತೋ ಇಲ್ಲವೋ ನಾವು ನೋಡಲೇ ಇಲ್ಲ. ನೋಡಲು ನಮ್ಮಲ್ಲಿ ಬ್ಯಾಟರಿಯೂ ಇರಲಿಲ್ಲ ಎಂಬುದು ಬೇರೆ ಮಾತು.

ಇನ್ನು ಉಪಕರಣದ ವಿಚಾರ. ಕಿವಿಯೊಳಗೆ ಬೆಳಕು ಬೀರಿ ನೋಡುವ ಉಪಾಯವನ್ನು ಕಂಡುಹಿಡಿದವನು ಫ್ರೆಡ್ರಿಕ್ ಹಾಫ್‌ಮನ್ ಎಂಬ ಜರ್ಮನಿಯ ಸಣ್ಣ ಊರಿನ ವೈದ್ಯ. 1841ರಲ್ಲಿ ಆತ ಮಧ್ಯೆ ತೂತಿರುವ ಕನ್ನಡಿಯಿಂದ ಹಗಲ ಬೆಳಕನ್ನು ಕಿವಿಗೆ ತಿರುಗಿಸಿ, ಆ ತೂತಿನಿಂದ ಇಣುಕಿದ. 1855ರ ಸುಮಾರಿಗೆ ಟ್ರೊಯೆಲ್ಟ್ಶ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ ಅದನ್ನು ಎಲ್ಲೆಡೆ ಬಳಕೆಗೆ ತಂದ. ಆಮೇಲೆ ಬಲ್ಬು, ಭೂತಗನ್ನಡಿ, ಬ್ಯಾಟರಿ ಸೇರಿ ಕೈದೀಪವಾಯಿತು. ಈಗ ಕಣ್ಣಿನ ಜಾಗಕ್ಕೆ ಕ್ಯಾಮೆರಾ ಬಂದಿದೆ.

ಹಿಡಿಕೆಯ ತುದಿಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಕ್ಯಾಮೆರಾ, ಅದರ ಸುತ್ತ ಸಣ್ಣ ಎಲ್‌ಇಡಿ ದೀಪಗಳು. ಹಿಡಿಕೆಯಲ್ಲೇ ವೈ-ಫೈ ಹೊರಡಿಸುವ ಭಾಗವೂ ಚಾರ್ಜು ಮಾಡುವ ಬ್ಯಾಟರಿಯೂ ಇವೆ. ಫೋನನ್ನು ಆ ವೈ-ಫೈಗೆ ಸೇರಿಸಿದರೆ ಚಿತ್ರ ಪರದೆಯಲ್ಲಿ ಕಾಣುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಡ, ಟವರ್ ಬೇಡ ಎಂಬುದನ್ನು ಹಳ್ಳಿಯವರು ಗಮನಿಸಬೇಕು. ಉಪಕರಣ ಮತ್ತು ಫೋನ್ ಎದುರುಬದುರು ಮಾತಾಡಿಕೊಳ್ಳುತ್ತವೆ. ಆದರೆ ‘ಇಂಟರ್‌ನೆಟ್ ಇಲ್ಲ’ ಎಂದು ಫೋನ್ ತಾನೇ ಬೇರೆ ವೈ-ಫೈಗೆ ಜಿಗಿದು, ಚಿತ್ರ ಮಧ್ಯದಲ್ಲಿ ನಿಂತುಹೋಗುವುದುಂಟು. ಅಂದೇ ಎರಡು ಸಲ ಹಾಗಾಯಿತು. ನಾಯಿಗಿಂತ ಮೊದಲು ವೈದ್ಯರೇ ಗುರುಗುಟ್ಟಿದರು. ಬೆಚ್ಚಗಿನ ಕಿವಿಗೆ ತಣ್ಣನೆಯ ತುದಿ ಹೋದರೆ ಮಂಜು ಕಟ್ಟುತ್ತದೆ. ತುದಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡರೆ ಸರಿ.

ತಂತಿ ಇಲ್ಲದಿರುವುದರಿಂದ ಏನು ಲಾಭ ಎಂದು ಕೇಳಬಹುದು. ಕೊಡವುವ, ಒದೆಯುವ ಪ್ರಾಣಿಯ ಹತ್ತಿರ ತಂತಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ದನವಾದರಂತೂ ಆಸ್ಪತ್ರೆ ಮುಂದಿನ ಕಂಬದ ಚೌಕಟ್ಟಿನಲ್ಲಿ ನಿಲ್ಲಿಸಿ, ತಲೆ ಬಿಗಿಸಿ ನೋಡಬೇಕು. ಫೋನ್ ಹಿಡಿದವನು ಕೊಂಬಿಗೆ ದೂರ ನಿಂತರೇ ಕ್ಷೇಮ.

ನಾಯಿಯ ಕಿವಿ ನಮ್ಮದರಂತೆ ನೇರವಲ್ಲ. ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ನೇಗಿಲ ಮೇಳಿಯಂತೆ ಒಂದು ಬಾಗು ಎಂದುಕೊಳ್ಳಿ. ಕಿವಿಹಾಳೆಯನ್ನು ಮೇಲಕ್ಕೂ ಹೊರಕ್ಕೂ ಎಳೆದು ಹಿಡಿದರೆ ಬಾಗು ನೆಟ್ಟಗಾಗಿ ತಮಟೆ ಕಾಣುತ್ತದೆ. ನೀರು, ಕೊಳೆ ಆ ತಿರುವಿನಲ್ಲೇ ನಿಲ್ಲುವುದರಿಂದ ಜೋಲು ಕಿವಿಯ ತಳಿಗಳಲ್ಲಿ ಕಾಯಿಲೆ ಹೆಚ್ಚು. ಕೆರೆಯಲ್ಲಿ ಈಜುವ ನಾಯಿಯಾದರೆ ಇನ್ನೂ ಹೆಚ್ಚು. ಕಾಫಿ ಪುಡಿಯಂತೆ ಕಪ್ಪು ಹೊಟ್ಟು ಕಂಡು, ಅದರಲ್ಲಿ ಬಿಳಿ ಚುಕ್ಕೆಗಳು ಹರಿದಾಡಿದರೆ ಅದು ಕಿವಿನುಸಿ. ಕ್ಯಾಮೆರಾದಲ್ಲಿ ಅದು ನಡೆಯುವುದೇ ಕಾಣುತ್ತದೆ. ಸುಗ್ಗಿಯ ಕಾಲದಲ್ಲಿ ಹುಲ್ಲಿನ ಸುಂಕು ಹೊಕ್ಕು ತಮಟೆಯವರೆಗೂ ಹೋಗಿ ಚುಚ್ಚಿಕೊಂಡಿರುವುದೂ ಉಂಟು. ಅದನ್ನು ತೆಗೆಯುವವರೆಗೆ ಯಾವ ಹನಿಯೂ ನಾಟದು. ಕೊಡವಿ ಕೊಡವಿ ಕಿವಿಹಾಳೆಯೊಳಗೆ ರಕ್ತ ತುಂಬಿ ಹಪ್ಪಳದಂತೆ ಉಬ್ಬಿದ್ದರೆ ಮನೆಯಲ್ಲಿ ಚುಚ್ಚಬೇಡಿ.

ಎಲ್ಲವೂ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕೀವಿನಲ್ಲಿ ಇರುವುದು ಬೂಷ್ಟೋ ಬ್ಯಾಕ್ಟೀರಿಯಾವೋ ಎಂದು ತಿಳಿಯಲು ಹತ್ತಿಕಡ್ಡಿಯಲ್ಲಿ ತೆಗೆದು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಹೈನುಗಾರರು ತಿಳಿಯಬೇಕಾದ ಇನ್ನೊಂದು ಮಿತಿ ಕರುಗಳದು. ಹಾಲು ಕುಡಿಯುವ ಕರು ಒಂದು ಕಿವಿ ಜೋಲಿಸಿ, ತಲೆ ವಾಲಿಸಿ, ಅದೇ ಕಡೆಯ ರೆಪ್ಪೆ ಇಳಿಬಿಟ್ಟು, ಬಾಯಿಂದ ಹಾಲು ಸುರಿಸಿಕೊಂಡರೆ ಅದು ಸಾಮಾನ್ಯವಾಗಿ ನಡುಗಿವಿಯ ಸೋಂಕು. ಅದು ಹೊರಗಿನಿಂದ ಬಂದುದಲ್ಲ, ಗಂಟಲಿನಿಂದ ಒಳದಾರಿಯಲ್ಲಿ ಏರಿದ್ದು. ತಮಟೆ ಹರಿಯದಿದ್ದರೆ ನಾಳ ಶುಭ್ರವಾಗಿಯೇ ಕಾಣಬಹುದು. ‘ಕಿವಿ ಚೆನ್ನಾಗಿದೆ’ ಎಂದು ಸುಮ್ಮನಾದರೆ ಕರು ಹೋಗುತ್ತದೆ. ಇಲ್ಲಿ ಕಿವಿಗೆ ಹನಿ ಹಾಕಿ ಪ್ರಯೋಜನವಿಲ್ಲ, ವೈದ್ಯರಿಂದ ಬೇಗನೆ ಚುಚ್ಚುಮದ್ದು ಆಗಬೇಕು. ಇದನ್ನು ತರುವ ಜೀವಾಣುಗಳಲ್ಲಿ ಮೈಕೋಪ್ಲಾಸ್ಮಾ ಮುಖ್ಯವಾದುದು. ಕೆಚ್ಚಲು ಬಾವಿನ ಹಸುವಿನ ಹಾಲಿನಿಂದಲೂ ಅದು ಕರುವಿಗೆ ಬರುತ್ತದೆ. ಡೇರಿಗೆ ಹಾಕಲಾಗದ ಹಾಲನ್ನು ‘ಹೇಗೂ ಚೆಲ್ಲುವುದೇ’ ಎಂದು ಕರುವಿಗೆ ಕುಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಉಳಿಸಿದ್ದು ಎರಡು ಲೀಟರ್ ಹಾಲು, ಕಳೆದದ್ದು ಒಂದು ಕರು ಎಂಬ ಲೆಕ್ಕವಾಗುತ್ತದೆ.

ದನದ ಕಿವಿಯ ಬುಡದಲ್ಲಿ ಗೊಂಚಲಾಗಿ ಕೂರುವ ಉಣ್ಣೆಗೆ ಕ್ಯಾಮೆರಾ ಬೇಡ, ಬೆರಳು ಸಾಕು. ಹನ್ನೆರಡು ಅಂಕಿಯ ಕಿವಿ ಓಲೆ ಹಾಕಿಸಿದ ಮೇಲೆ ಗಾಯಕ್ಕೆ ನೊಣ ಕೂರದಂತೆ ವಾರವಿಡೀ ನೋಡಿಕೊಳ್ಳಿ, ಅಷ್ಟೆ.

ಇಷ್ಟು ಓದಿದ ಮೇಲೆ ‘ನಾವೇ ಒಂದು ಕೊಂಡರೆ ಹೇಗೆ?’ ಎನಿಸುವುದು ಸಹಜ. ಸಾವಿರ ಎರಡು ಸಾವಿರ ರೂಪಾಯಿಗೆ ಫೋನಿಗೆ ಹೊಂದುವ ಕಿವಿ ಕ್ಯಾಮೆರಾಗಳು ಸಿಗುತ್ತವೆ. ಅವು ಮನುಷ್ಯರು ಗುಗ್ಗೆ ತೆಗೆದುಕೊಳ್ಳಲೆಂದು ಮಾಡಿದವು, ತುದಿಯಲ್ಲಿ ಪುಟ್ಟ ಚಮಚವಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಚಮಚವನ್ನು ಕಿತ್ತೆಸೆದರೆ ಮಾತ್ರ ಅದು ಮನೆಯಲ್ಲಿರಬಹುದಾದ ವಸ್ತು. ನಾಯಿ ಒಂದು ಸಲ ತಲೆ ಕೊಡವಿದರೆ ತಮಟೆ ಹರಿಯಲು ಅಷ್ಟೇ ಸಾಕು. ವೈದ್ಯರ ಉಪಕರಣದಲ್ಲಿ ಕಿವಿಯ ಅಳತೆಗೆ ತಕ್ಕ ನುಣುಪು ಕೊಳವೆಗಳಿದ್ದು, ನಾಳಕ್ಕೆ ತಾಗಿದರೂ ಗಾಯವಾಗುವುದಿಲ್ಲ. ಅದಕ್ಕೆ ಬೆಲೆಯೂ ಹೆಚ್ಚು. ತೊಳೆಯುವ ನಾಳವೂ ಸೇರಿದ ದೊಡ್ಡ ಯಂತ್ರವಾದರೆ ಬೆಲೆ ಲಕ್ಷಗಳಲ್ಲಿ. ಹಾಲಿನ ಸಂಘಗಳು ಸಾಧಾರಣ ಬೆಲೆಯದೊಂದನ್ನು ಕೊಂಡು ತಮ್ಮ ಪಶುವೈದ್ಯರ ಕೈಗೆ ಕೊಡುವುದು ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಮೇಲು.

ಮಕ್ಕಳ ಕಿವಿಗೂ ಇದೇ ಮಾತು ಅನ್ವಯಿಸುತ್ತದೆ. ಕಿವಿ ಸೋರುವ ಮಗುವಿಗೆ ಎಣ್ಣೆ ಬಿಟ್ಟು, ಹತ್ತಿ ತುರುಕಿ ಶಾಲೆಗೆ ಕಳಿಸುವ ತಾಯಂದಿರು ಇನ್ನೂ ಇದ್ದಾರೆ. ಪಾಠ ಕೇಳಿಸದ ಮಗು ದಡ್ಡನೆಂದು ಹೆಸರು ಪಡೆಯುತ್ತದೆ. ಜಿಲ್ಲಾಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ತಮಟೆಯನ್ನು ಪರೀಕ್ಷಿಸುತ್ತಾರೆ. ಕೇಳುವ ಶಕ್ತಿಯ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಕ್ಕಳಿಗೆ ಬಳಸುವ ಕೊಳವೆಯೇ ಬೇರೆ, ಪ್ರಾಣಿಗಳಿಗೆ ಬಳಸುವುದೇ ಬೇರೆ ಎಂದು ಹೇಳಬೇಕಾದ ಅಗತ್ಯವಿಲ್ಲವೆಂದುಕೊಳ್ಳುತ್ತೇನೆ.

ವಿಲ್ಸನ್ ಗಾರ್ಡನ್ನಿನ ಆ ನಾಯಿಗೆ ಹನಿ ನಿಲ್ಲಿಸಿ, ಬಾಯಿಯ ಮೂಲಕ ಔಷಧಿ ಬರೆದರು. ಕಿವಿಗೆ ನೀರು ಬೀಳಬಾರದು, ಮೂರು ವಾರ ಬಿಟ್ಟು ಬರಬೇಕು ಎಂದರು. ತಮಟೆ ತಾನಾಗಿ ಕೂಡಿಕೊಳ್ಳುವುದುಂಟು, ಒಳಗಿನ ಸೋಂಕು ಇಳಿಯಬೇಕಷ್ಟೆ. ಅಂದಿನ ಚಿತ್ರವನ್ನು ಯಜಮಾನರ ಫೋನಿಗೂ ಕಳಿಸಿದರು. ಮುಂದಿನ ಸಲ ಹೊಸ ಚಿತ್ರದ ಪಕ್ಕದಲ್ಲಿಟ್ಟು ನೋಡಬಹುದಲ್ಲ.

ನಿಮ್ಮ ಊರಿನ ಪಶುವೈದ್ಯರಲ್ಲಿ ಈ ಕ್ಯಾಮೆರಾ ಇಲ್ಲದಿದ್ದರೂ ಹಳೆಯ ಕೈದೀಪ ಇರಬಹುದು, ಅದರಿಂದಲೂ ತಮಟೆ ಕಾಣುತ್ತದೆ. ದನ ಸಾಗಿಸಲಾಗದಿದ್ದರೆ 1962 ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಿ. ಹೋಗುವ ದಿನ ಕಿವಿಯನ್ನು ಒರೆಸಬೇಡಿ, ತೊಳೆಯಬೇಡಿ. ಒಳಗೆ ಏನಿದೆಯೋ ಅದು ವೈದ್ಯರಿಗೆ ಹಾಗೆಯೇ ಸಿಗಲಿ. ಈ ಮೊದಲು ಏನು ಹಾಕಿದ್ದಿರೋ ಆ ಸೀಸೆಯನ್ನು ಜೊತೆಗೆ ಒಯ್ಯಿರಿ. ಚಿತ್ರ ತೆಗೆದರೆ ಎಡಗಿವಿಯೋ ಬಲಗಿವಿಯೋ ಎಂಬುದನ್ನೂ ದಿನಾಂಕವನ್ನೂ ಅಲ್ಲಿಯೇ ಬರೆಸಿಕೊಳ್ಳಿ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.